ಗೈಡ್ ತೋರಿಸದೇ ಬಿಟ್ಟದ್ದು

ಫಾನ್ ರಾಂಗ್‌ಗೆ ಹೋಗ್ತಿದ್ದೀವಿ ಅಂದಾಗ ಸೈಗಾನ್‌ನ ಹೋಟೆಲ್ ಕೌಂಟರಿನಲ್ಲಿದ್ದ ಹುಡುಗ ನಮ್ಮ ಮುಖವನ್ನೇ ನೋಡಿದ. ಅಲ್ಲಿ ನೋಡೋಕೆ ಏನಿದೆ ಅಂತ ಕೇಳಿದರೆ ಸ್ವಲ್ಪ ಯೋಚಿಸಿ ‘ದ್ರಾಕ್ಷಿ’ ಅಂದ. ಇನ್ನೂ ಸ್ವಲ್ಪ ಯೋಚಿಸಿ ‘ಕುರಿ’ ಅಂತ ಸೇರಿಸಿದ.

ಅವನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಇಡೀ ವಿಯೆಟ್ನಾಂನಲ್ಲಿ ಮಳೆ ಅತಿ ಕಡಿಮೆ ಬೀಳುವ ಮೂಲೆ ಅದು. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು. ಹಸಿರು ಗದ್ದೆ, ದೋಣಿ, ಬಿದಿರಿನ ಟೋಪಿ ಎಂದು ಮನಸ್ಸಿನಲ್ಲಿ ಒಂದು ಚಿತ್ರ ಇಟ್ಟುಕೊಂಡು ರೈಲು ಹತ್ತಿದವರಿಗೆ ಕಿಟಕಿಯ ಆಚೆ ಕಾಣುವುದು ಕಳ್ಳಿ, ಬೋಳು ಗುಡ್ಡ, ಉಪ್ಪಿನ ಗದ್ದೆ, ದ್ರಾಕ್ಷಿ ಚಪ್ಪರ, ಸಾಲುಸಾಲು ಗಾಳಿಯಂತ್ರ. 2025ರ ಜುಲೈವರೆಗೆ ಇದು ನಿನ್ ಥುಅನ್ ಎಂಬ ಸ್ವಂತ ಪ್ರಾಂತ್ಯವಾಗಿತ್ತು. ದೇಶದ 63 ಪ್ರಾಂತ್ಯ ಮತ್ತು ದೊಡ್ಡ ನಗರಗಳನ್ನು 34ಕ್ಕೆ ಇಳಿಸಿದಾಗ ಪಕ್ಕದ ಖಾನ್ ಹ್ವಾ ಜೊತೆ ಸೇರಿಹೋಯಿತು.

ನಾನು ಮತ್ತು ಅಮ್ಮ ಹೋದದ್ದು ದ್ರಾಕ್ಷಿಗಲ್ಲ, ಚಾಮ್ ಜನರ ಊರು ಅಂತ. ಇಂದಿನ ಮಧ್ಯ ವಿಯೆಟ್ನಾಂನ ಕರಾವಳಿಯನ್ನು ಶತಮಾನಗಟ್ಟಲೆ ಆಳಿದ ಚಾಂಪಾ ರಾಜ್ಯದವರು ಇವರು. 4ನೇ ಶತಮಾನದಲ್ಲೇ ಇವರ ರಾಜ ಭದ್ರವರ್ಮ ಮೀ ಸನ್ ಕಣಿವೆಯಲ್ಲಿ ಭದ್ರೇಶ್ವರ ಎಂಬ ಶಿವನಿಗೆ ಗುಡಿ ಕಟ್ಟಿಸಿದ್ದ. ಉತ್ತರದಿಂದ ವಿಯೆಟ್ನಾಮೀಯರು ಕೆಳಗಿಳಿಯುತ್ತಾ ಬಂದರು. 1471ರಲ್ಲಿ ಚಾಂಪಾದ ರಾಜಧಾನಿ ವಿಜಯ ಬಿತ್ತು. ದಕ್ಷಿಣದ ತುದಿಯಲ್ಲಿ ಪಾಂಡುರಂಗ ಎಂಬ ಭಾಗ ಮಾತ್ರ ಹೇಗೋ ಉಸಿರಾಡಿಕೊಂಡಿತ್ತು. 1832ರಲ್ಲಿ ಚಕ್ರವರ್ತಿ ಮಿನ್ ಮಾಂಗ್ ಅದನ್ನೂ ನುಂಗಿದ. ಆ ಪಾಂಡುರಂಗವೇ ಇಂದಿನ ಫಾನ್ ರಾಂಗ್ ಸೀಮೆ. ಪಂಢರಪುರದ ವಿಠಲನಿಗೂ ಇದಕ್ಕೂ ಗಂಟು ಹಾಕಲು ಹೋಗಬೇಡಿ. ಅಮ್ಮ ಹಾಕಿದಳು, ಅದು ಬೇರೆ ಮಾತು.

ವಿಯೆಟ್ನಾಂ ಈಗ ನಮ್ಮವರಿಗೆ ದೂರದ ದೇಶವೇನಲ್ಲ. 2024ರಲ್ಲಿ ಸುಮಾರು 5 ಲಕ್ಷ ಭಾರತೀಯರು ಹೋಗಿ ಬಂದಿದ್ದಾರೆ. ಹೆಚ್ಚಿನವರು ತಿರುಗುವ ದಾರಿ ಒಂದೇ. ಹನೋಯ್, ಹಾ ಲಾಂಗ್ ಕೊಲ್ಲಿಯ ಹಡಗು, ಬಾ ನಾ ಬೆಟ್ಟದ ಮೇಲೆ ದೊಡ್ಡ ಕೈಗಳು ಹಿಡಿದಿರುವ ಚಿನ್ನದ ಬಣ್ಣದ ಸೇತುವೆ, ಹೊಯ್ ಆನ್‌ನ ಬಣ್ಣದ ಲಾಟೀನು, ಕೂ ಚಿ ಸುರಂಗ. ರಾತ್ರಿ ಯಾವುದೋ ಇಂಡಿಯನ್ ರೆಸ್ಟೋರೆಂಟಿನಲ್ಲಿ ದಾಲ್. ಇದನ್ನು ಆಡಿಕೊಳ್ಳುತ್ತಿಲ್ಲ. ಹಾ ಲಾಂಗ್ ನಿಜಕ್ಕೂ ಚೆನ್ನಾಗಿದೆ, ಜನ ಜಾಸ್ತಿ ಅನ್ನುವುದು ಅದರ ತಪ್ಪಲ್ಲ.

ತಮಾಷೆ ಏನೆಂದರೆ, ಈ ದಾರಿ ಬಿಟ್ಟು ಹೋಗಬೇಕು ಅನ್ನುವವರಿಗೂ ಒಂದು ಸಿದ್ಧ ದಾರಿ ಇದೆ. ಸಾಪಾ ಒಂದು ಕಾಲಕ್ಕೆ ಹ್ಮೊಂಗ್ ಮತ್ತು ದಾವ್ ಜನರ ಹಳ್ಳಿಗಳಿಗೆ ನಡೆದು ಹೋಗುವವರು ಇಳಿಯುವ ಊರಾಗಿತ್ತು. 2016ರಲ್ಲಿ ಅಲ್ಲಿಂದ ಫಾನ್ಸಿಪಾನ್ ಶಿಖರಕ್ಕೆ ಕೇಬಲ್ ಕಾರ್ ಬಂತು. ಪಕ್ಕದ ಕಾಟ್ ಕಾಟ್ ಹಳ್ಳಿಗೆ ಹೋಗಲು ಈಗ ಟಿಕೆಟ್. ಹ್ಮೊಂಗ್ ಉಡುಪು ಬಾಡಿಗೆಗೆ ಸಿಗುತ್ತದೆ, ತೊಟ್ಟು ಫೋಟೊ ತೆಗೆಸಿಕೊಳ್ಳಬಹುದು. ಇದು ಬೇಡ ಅಂದವರು ಇನ್ನೂ ಉತ್ತರದ ಹಾ ಜಾಂಗ್‌ಗೆ ಓಡಿದರು. ಈಗ ಮಾ ಪಿ ಲೆಂಗ್ ಘಾಟಿಯಲ್ಲಿ ಬೈಕುಗಳದ್ದೇ ಮೆರವಣಿಗೆ. ದೂರ ಹೋದಷ್ಟೂ ಒಳಗೆ ಹೋದಂತೆ ಅನ್ನುವ ಲೆಕ್ಕ ಎಲ್ಲೂ ಕೂಡುವುದಿಲ್ಲ. ಒಂದು ಊರಿನ ಒಳಗೆ ಹೋಗಲು ಆ ಊರಿನವರು ಯಾರಾದರೂ ಬಾಗಿಲು ತೆಗೆಯಬೇಕು, ಅಷ್ಟೇ. ಎಷ್ಟು ತೆಗೆಯಬೇಕು ಅನ್ನುವುದೂ ಅವರಿಗೇ ಬಿಟ್ಟದ್ದು. ಇದನ್ನು ನನಗೆ ಸರಿಯಾಗಿ ತೋರಿಸಿಕೊಟ್ಟವಳು ಫಾನ್ ರಾಂಗ್‌ನ ನಮ್ಮ ಗೈಡ್.

ವಿಯೆಟ್ನಾಂನಲ್ಲಿ ಗೈಡ್ ಆಗಲು ಸರ್ಕಾರದ ಕಾರ್ಡ್ ಬೇಕು. 2017ರ ಪ್ರವಾಸೋದ್ಯಮ ಕಾನೂನಿನಲ್ಲಿ ಮೂರು ಬಗೆಯ ಕಾರ್ಡುಗಳಿವೆ: ವಿದೇಶಿಯರನ್ನು ಕರೆದುಕೊಂಡು ಹೋಗುವವರದ್ದು, ದೇಶದ ಜನರನ್ನು ಕರೆದುಕೊಂಡು ಹೋಗುವವರದ್ದು, ಒಂದೇ ಸ್ಥಳದೊಳಗೆ ನಿಂತು ತೋರಿಸುವವರದ್ದು. ನಮ್ಮ ಹುಡುಗಿಯ ಕುತ್ತಿಗೆಯಲ್ಲಿ ಕಾರ್ಡ್ ಇತ್ತು. ಅದಕ್ಕಿಂತ ಮುಖ್ಯ, ಅವಳ ತಾಯಿ ಮನೆ ಅಲ್ಲಿನ ಒಂದು ಚಾಮ್ ಹಳ್ಳಿಯಲ್ಲೇ ಇತ್ತು. ಮೊದಲ ಸಂಜೆ ಕಾಫಿ ಅಂಗಡಿಯಲ್ಲಿ ಕೂತು ಮೊದಲು ನಮ್ಮ ವಯಸ್ಸು ಕೇಳಿದಳು. ವಯಸ್ಸು ಗೊತ್ತಿಲ್ಲದೆ ಅಲ್ಲಿ ಯಾರನ್ನೂ ಏನಂತ ಕರೆಯಬೇಕು ಅನ್ನುವುದೇ ಬಗೆಹರಿಯುವುದಿಲ್ಲ. ಆಮೇಲೆ ನಾನು ಬರೆದುಕೊಂಡು ಹೋಗಿದ್ದ ಪಟ್ಟಿ ಕೇಳಿದಳು.

ಪೆನ್ನು ತೆಗೆದು ಒಂದೊಂದನ್ನೇ ಹೊಡೆದು ಹಾಕುತ್ತಾ ಹೋದಳು. ಚಾಮ್ ನೃತ್ಯ ಪ್ರದರ್ಶನ: ಯೂಟ್ಯೂಬಲ್ಲಿ ನೋಡಿ, ಕುರ್ಚಿ ಇದಕ್ಕಿಂತ ಚೆನ್ನಾಗಿರುತ್ತೆ. ಮರಳು ದಿಬ್ಬದ ಜೀಪ್ ಸವಾರಿ: ಅಮ್ಮನ ಸೊಂಟಕ್ಕೆ ಬೇಡ. ದ್ರಾಕ್ಷಿ ತೋಟ: ದಾರಿಯಲ್ಲಿ ಸಿಗುತ್ತೆ, ಅದಕ್ಕಂತ ಹೋಗೋದೇನು. ಪಟ್ಟಿಯ ಕೊನೆಯಲ್ಲಿ ನಾನು ‘ಕುಟ್’ ಅಂತ ಬರೆದಿದ್ದೆ, ಚಾಮ್ ಮನೆತನಗಳ ಸಮಾಧಿ ಜಾಗ. ಅದರ ಹತ್ತಿರ ಪೆನ್ನು ನಿಂತಿತು. ‘ಇದು ಎಲ್ಲಿ ಓದಿದ್ರಿ?’ ಅಂದಳು. ಹೇಳಿದೆ. ಏನೂ ಮಾತಾಡದೆ ಅದನ್ನೂ ಹೊಡೆದು ಹಾಕಿದಳು.

ಮರುದಿನ ಬೆಳಿಗ್ಗೆ ಬಾನ್ ಕಾನ್. ಫಾನ್ ರಾಂಗ್‌ನಲ್ಲಿ ಇದು ಎಲ್ಲರ ತಿಂಡಿ. ರಸ್ತೆ ಬದಿ, ಗಿಡ್ಡ ಪ್ಲಾಸ್ಟಿಕ್ ಸ್ಟೂಲು, ಕೆಂಡ ತುಂಬಿದ ದುಂಡನೆಯ ಮಣ್ಣಿನ ಒಲೆ. ಒಲೆಯ ಮೇಲ್ಭಾಗದಲ್ಲಿ ಸುತ್ತಲೂ ಪುಟ್ಟ ಪುಟ್ಟ ಮಣ್ಣಿನ ಗುಳಿಗಳು, ಒಂದೊಂದಕ್ಕೂ ಒಂದು ಮಣ್ಣಿನ ಮುಚ್ಚಳ. ಅಕ್ಕಿಯ ಜೊತೆ ಉಳಿದ ಅನ್ನ ಸೇರಿಸಿ ರುಬ್ಬಿದ ತೆಳ್ಳನೆಯ ಹಿಟ್ಟನ್ನು ಹೊಯ್ದು ಮುಚ್ಚುತ್ತಾರೆ. ಅಮ್ಮ ನೋಡಿದ ಕೂಡಲೇ ‘ಪಡ್ಡು’ ಅಂದಳು. ತಿಂದ ಮೇಲೆ, ‘ಉದ್ದು ಹಾಕಿಲ್ಲ, ಹುಳಿನೂ ಬಂದಿಲ್ಲ, ಆದ್ರೆ ಗರಿ ಚೆನ್ನಾಗಿದೆ’ ಅಂತ ತೀರ್ಪು ಕೊಟ್ಟಳು. ಜನ ಇದರ ಮೇಲೆ ಮೊಟ್ಟೆ, ಸಿಗಡಿ, ಸ್ಕ್ವಿಡ್ ಹಾಕಿಸಿಕೊಂಡು ಮೀನಿನ ಸಾರಿನಲ್ಲೋ ಮೀನಿನ ಸಾಸಿನಲ್ಲೋ ಅದ್ದಿ ತಿನ್ನುತ್ತಾರೆ. ಅಮ್ಮನಿಗೆ ಬರೀ ಹಿಟ್ಟಿನದು, ಈರುಳ್ಳಿ ಸೊಪ್ಪಿನ ಎಣ್ಣೆ, ತುರಿದ ಮಾವಿನಕಾಯಿ, ಉಪ್ಪು-ಮೆಣಸಿನಕಾಯಿ. ಗೈಡ್ ಎರಡು ಮಾತು ಹೇಳಿದಳು, ಅಂಗಡಿಯಾಕೆ ತಲೆ ಆಡಿಸಿದರು, ಮುಗೀತು. ಸಸ್ಯಾಹಾರಿ ಅಂದರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾಂಸ ಬಿಡುವ ಬೌದ್ಧರು ಆ ದೇಶದ ತುಂಬಾ ಇದ್ದಾರೆ. ತೊಂದರೆ ಬರುವುದು ಮೀನಿನ ಸಾಸಿನಿಂದ. ಅದನ್ನು ಕಣ್ಣಿಗೆ ಕಾಣದ ಹಾಗೆ ಎಲ್ಲದಕ್ಕೂ ಹಾಕಿರುತ್ತಾರೆ. ಅದನ್ನು ಕೇಳಿ ತಿಳಿದುಕೊಳ್ಳಲು ಭಾಷೆ ಬರುವವರು ಜೊತೆಗೆ ಇರಬೇಕು.

ಆ ಒಲೆ ಎಲ್ಲಿಯದು ಅಂತ ಅಮ್ಮ ಕೇಳಿದಳು. ಗೈಡ್ ಖುಷಿಯಾದಳು. ನಾವು ಹೊರಟಿದ್ದೇ ಅಲ್ಲಿಗೆ.

ಬಾವ್ ಟ್ರುಕ್ ಫಾನ್ ರಾಂಗ್‌ನಿಂದ ದಕ್ಷಿಣಕ್ಕೆ, ಹೆದ್ದಾರಿಗೆ ಹತ್ತಿಕೊಂಡೇ ಇರುವ ಕುಂಬಾರರ ಹಳ್ಳಿ. ಚಾಮ್ ಭಾಷೆಯಲ್ಲಿ ಹಮು ಕ್ರೋಕ್. ಬಸ್ಸು ನಿಲ್ಲುವ ಜಾಗದಲ್ಲಿ ಒಂದು ದೊಡ್ಡ ಪ್ರದರ್ಶನದ ಹಾಲ್ ಇದೆ. ಉದ್ದನೆ ಅಂಗಿ ತೊಟ್ಟು ತಲೆಗೆ ಬಟ್ಟೆ ಕಟ್ಟಿದ ಹೆಂಗಸರು ಅಲ್ಲಿ ಮಡಕೆ ಮಾಡಿ ತೋರಿಸುತ್ತಾರೆ. ಶೆಲ್ಫುಗಳ ತುಂಬಾ ಗೋಪುರದ ಆಕಾರದ ದೀಪ, ಅಪ್ಸರೆ, ಹೋಟೆಲ್ ಲಾಬಿಗೆ ಹೋಗುವ ಆಳೆತ್ತರದ ಹೂದಾನಿ. ನಾವು ಅದನ್ನು ದಾಟಿ ಎರಡು ಗಲ್ಲಿ ಆಚೆ ಹೋದೆವು. ಒಂದು ಹಿತ್ತಲು. ಕೋಳಿ, ಒಣಹಾಕಿದ ಬಟ್ಟೆ, ನಿಲ್ಲಿಸಿದ ಸ್ಕೂಟರು. ಹೂವಿನ ಪೈಜಾಮ ತೊಟ್ಟ ಹಿರಿಯ ಹೆಂಗಸೊಬ್ಬರು ಮಣ್ಣು ತುಳಿಯುತ್ತಿದ್ದರು. ಗೈಡ್‌ನ ತಾಯಿಯ ಅಕ್ಕ. ಅಂದರೆ ದೊಡ್ಡಮ್ಮ.

ಮಣ್ಣು ಬರುವುದು ಕ್ವಾವ್ ನದಿ ದಂಡೆಯಿಂದ. ಒಣಗಿಸಿ, ಒಡೆದು, ರಾತ್ರಿಯಿಡೀ ನೆನೆಸಿ, ನದಿಯದ್ದೇ ಸಣ್ಣ ಮರಳು ಬೆರೆಸಿ ತುಳಿಯುತ್ತಾರೆ. ಮರಳು ಎಷ್ಟು ಅನ್ನುವುದಕ್ಕೆ ಅಳತೆ ಇಲ್ಲ, ಏನು ಮಾಡುತ್ತೀವಿ ಅನ್ನುವುದರ ಮೇಲೆ ಹೋಗುತ್ತದೆ. ಒಲೆಗೆ ಒಂದು ಥರ, ನೀರಿನ ಹಂಡೆಗೆ ಇನ್ನೊಂದು ಥರ. ಚಕ್ರವೇ ಇಲ್ಲ. ಸೊಂಟದೆತ್ತರಕ್ಕೆ ಬೋರಲು ಹಾಕಿದ ಹಳೆಯ ಗುಡಾಣದ ಮೇಲೆ ದೊಡ್ಡಮ್ಮ ಮಣ್ಣಿನ ಮುದ್ದೆ ಕೂರಿಸಿದರು. ಮುಷ್ಟಿಯಿಂದ ನಡುವೆ ಗುದ್ದಿ ಕುಳಿ ಮಾಡಿದರು. ಒಳಗೊಂದು ಕೈ, ಹೊರಗೊಂದು ಕೈ ಇಟ್ಟು ಗೋಡೆ ಎಳೆಯುತ್ತಾ ಅದರ ಸುತ್ತ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕತೊಡಗಿದರು. ಮಡಕೆ ನಿಂತಲ್ಲೇ ನಿಂತಿದೆ, ಕುಂಬಾರಗಿತ್ತಿ ತಿರುಗುತ್ತಿದ್ದಾರೆ. ಬಿದಿರಿನ ಒಂದು ಬಳೆಯಿಂದ ಹೊರಮೈ ಕೆರೆದರು. ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಬಾಯಿಯ ಅಂಚಿನ ಮೇಲೆ ಇಟ್ಟು ಒಂದು ಸುತ್ತು ಬಂದರು. ಅಂಚು ನುಣ್ಣಗಾಯಿತು. ಇಷ್ಟೂ ಹೊತ್ತು ಬಾಯಿ ತುಂಬಾ ಮಾತು, ಯಾರದೋ ಮದುವೆ ಮಾತುಕತೆ. ಕೈ ಕಡೆ ನೋಡಲೇ ಇಲ್ಲ.

ದಿನಕ್ಕೆ ಎಷ್ಟು ದೂರ ಹೀಗೆ ನಡೆಯುತ್ತೀರಿ ಅಂತ ಕೇಳಿಸಿದೆ. ಗೈಡ್ ಅನುವಾದ ಮಾಡಿದಳು. ದೊಡ್ಡಮ್ಮ ನಕ್ಕು, ‘ನನ್ನ ಮಂಡಿ ಕೇಳು, ಅದು ಹೇಳತ್ತೆ’ ಅಂದರು.

ಗೂಡಿಲ್ಲದೆ ಬಯಲಲ್ಲೇ ಸುಡುತ್ತಾರೆ. ಕೆಳಗೆ ಸೌದೆ, ಮೇಲೆ ಒಣಗಿದ ಮಡಕೆ, ಅದರ ಮೇಲೆ ಹುಲ್ಲು. ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ ಬೆಂಕಿ ಇಡಬೇಕು. ಕೆಂಪಗೆ ಇರುವಾಗಲೇ ಹೊರಗೆಳೆದು ಕಾಡುಹಣ್ಣಿನ ರಸ ಚಿಮುಕಿಸಿದರೆ ಮೈಮೇಲೆ ಕಪ್ಪು-ಕಂದು ಕಲೆ ಮೂಡುತ್ತದೆ. ಹಾಗಾಗಿ ಒಂದರಂತೆ ಇನ್ನೊಂದು ಬರುವುದಿಲ್ಲ. ಕೆಲಸ ತಾಯಿಯಿಂದ ಮಗಳಿಗೆ ಬರುತ್ತದೆ. 2022ರ ನವೆಂಬರಿನಲ್ಲಿ ಯುನೆಸ್ಕೊ ಇದನ್ನು ಪಟ್ಟಿಗೆ ಸೇರಿಸಿತು, ಅದೂ ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ. ಅಲ್ಯೂಮಿನಿಯಂ, ಪ್ಲಾಸ್ಟಿಕ್, ಗ್ಯಾಸ್ ಒಲೆ ಬಂದ ಮೇಲೆ ಮಣ್ಣಿನ ಪಾತ್ರೆ ಯಾರಿಗೆ ಬೇಕು? ಹುಡುಗಿಯರು ಫ್ಯಾಕ್ಟರಿಗೆ, ಸೈಗಾನ್‌ಗೆ ಹೋಗುತ್ತಾರೆ. ಹಾಲ್‌ನಲ್ಲಿನ ಅಪ್ಸರೆ, ಹೂದಾನಿಗಳಿಂದಲೇ ಊರಿಗೆ ದುಡ್ಡು ಬರುವುದು. ಅದನ್ನು ಮೂಗು ಮುರಿದು ನೋಡುವ ಹಕ್ಕು ನಮಗಿಲ್ಲ. ಆದರೂ ದೊಡ್ಡಮ್ಮನ ಹಿತ್ತಲಲ್ಲಿ ಒಣಗುತ್ತಿದ್ದುದು ಬಾನ್ ಕಾನ್ ಒಲೆ, ಪುಟ್ಟ ಗುಳಿ, ಮುಚ್ಚಳ. ಬೆಳಿಗ್ಗೆ ನಾವು ತಿಂದದ್ದು ಇಂಥದೇ ಒಂದರಲ್ಲಿ. ಗ್ಯಾಸಿನ ಮೇಲೆ ಕಬ್ಬಿಣದ ಕಾವಲಿಯಲ್ಲಿ ಆ ಗರಿ ಬರಲ್ಲ ಅಂತ ಗಿರಾಕಿಗಳು ಹಟ ಹಿಡಿದಿರುವವರೆಗೆ ಇದಕ್ಕೆ ಆರ್ಡರ್ ಇರುತ್ತದೆ. ಯುನೆಸ್ಕೊ ಪಟ್ಟಿಗಿಂತ ಆ ನಾಲಿಗೆಯ ಹಟದ ಮೇಲೆ ನನಗೆ ನಂಬಿಕೆ ಜಾಸ್ತಿ.

ಪೊ ಕ್ಲೊಂಗ್ ಗರಾಯ್ ಗೋಪುರಗಳ ಬೆಟ್ಟ ಪ್ರವಾಸಿ ದಾರಿಯಲ್ಲೇ ಇದೆ, ಟಿಕೆಟ್ ಇದೆ, ಬಸ್ಸೂ ಬರುತ್ತದೆ. ಥಾಪ್ ಚಾಮ್ ರೈಲ್ವೆ ಸ್ಟೇಷನ್ ಹತ್ತಿರ. 13ನೇ ಶತಮಾನದ ಕೊನೆಗೋ 14ರ ಆರಂಭಕ್ಕೋ ಮೂರನೇ ಜಯಸಿಂಹವರ್ಮನ ಕಾಲದಲ್ಲಿ ಕಟ್ಟಿದ್ದು. ಮೂರೂ ಇಟ್ಟಿಗೆ ಗೋಪುರಗಳು, ಗಾರೆ ಕಣ್ಣಿಗೆ ಕಾಣದಷ್ಟು ಒತ್ತಾದ ಇಟ್ಟಿಗೆ. ಮುಖ್ಯ ಗೋಪುರದ ಬಾಗಿಲ ಮೇಲೆ ಆರು ಕೈಗಳ ನಟರಾಜ. ಬಾಗಿಲ ಕಲ್ಲುಕಂಬಗಳ ತುಂಬಾ ಚಾಮ್ ಲಿಪಿಯ ಶಾಸನ. ಒಳಗೆ ನಂದಿ, ಅದರಾಚೆ ಮುಖಲಿಂಗ.

ಅಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೈಮುಗಿದಳು, ಶ್ಲೋಕ ಹೇಳಿಕೊಂಡಳು, ‘ನೋಡು, ನಮ್ಮ ಶಿವ ಎಲ್ಲಿವರೆಗೂ ಬಂದಿದ್ದಾನೆ’ ಅಂದಳು. ಭಾರತದಿಂದ ಹೋದ ಯಾರಿಗಾದರೂ ಹೀಗೇ ಅನ್ನಿಸುತ್ತದೆ. ಅನ್ನಿಸಲಿ ಬಿಡಿ. ಆದರೆ ಚಾಮ್ ಊರಿಗೆ ಹೋಗುವ ಭಾರತೀಯರಿಗೆ ಇರುವ ದೊಡ್ಡ ಹಳ್ಳವೂ ಇದೇ. ಕನ್ನಡಿ ನೋಡಿಕೊಂಡು ವಾಪಸ್ ಬರುತ್ತೇವೆ, ಎದುರಿಗಿದ್ದವರನ್ನು ನೋಡುವುದೇ ಇಲ್ಲ. ಇನ್ನೊಂದು ಮಾತು ಹೇಳಿಬಿಡುತ್ತೇನೆ. 2020ರಲ್ಲಿ ಮೀ ಸನ್‌ನಲ್ಲಿ ದುರಸ್ತಿ ಕೆಲಸ ಮಾಡುತ್ತಿದ್ದ ನಮ್ಮ ಪುರಾತತ್ವ ಇಲಾಖೆಯವರಿಗೆ 9ನೇ ಶತಮಾನದ ಏಕಶಿಲೆಯ ಲಿಂಗ ಸಿಕ್ಕಿತ್ತು. ಆ ಕೆಲಸ ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಆಗ ನನ್ನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದ ಮೆಸೇಜುಗಳಲ್ಲಿ ಲಿಂಗ ಇತ್ತು, ಭಾರತ ಇತ್ತು. ಚಾಮ್ ಅನ್ನುವ ಒಂದು ಜನ ಇನ್ನೂ ಬದುಕಿದ್ದಾರೆ, 2019ರ ಜನಗಣತಿಯಲ್ಲಿ ವಿಯೆಟ್ನಾಂನಲ್ಲೇ ಸುಮಾರು 1.79 ಲಕ್ಷ ಮಂದಿ ಇದ್ದರು ಅನ್ನುವುದು ಒಂದರಲ್ಲೂ ಇರಲಿಲ್ಲ.

ಗೈಡ್ ಅಮ್ಮನನ್ನು ತಿದ್ದಲು ಹೋಗಲಿಲ್ಲ. ಅವಳ ಶ್ಲೋಕ ಮುಗಿಯುವವರೆಗೆ ಕಾದು, ಆಮೇಲೆ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು ಹೇಳಿದಳು: ‘ಶಿವ ಅಂತ ನಾನೂ ಪುಸ್ತಕದಲ್ಲಿ ಓದಿದ್ದೀನಿ. ನಮ್ಮಜ್ಜಿಗೆ ಮಾತ್ರ ಇವರು ರಾಜ. ಪೊ ಕ್ಲೊಂಗ್ ಗರಾಯ್. ಚಿಕ್ಕವರಿದ್ದಾಗ ಮೈತುಂಬಾ ಕುಷ್ಠ. ಡ್ರ್ಯಾಗನ್ ಬಂದು ನೆಕ್ಕಿ ವಾಸಿ ಮಾಡ್ತು. ಅಣೆಕಟ್ಟು ಕಟ್ಟಿಸಿದ್ರು, ಕಾಲುವೆ ತೋಡಿಸಿದ್ರು.’ ಅಲ್ಲಿನ ನ್ಯಾ ಟ್ರಿನ್ ಅಣೆಕಟ್ಟು ಅವರ ಕಾಲದ್ದು ಅಂತ ಐತಿಹ್ಯ. ವರ್ಷಕ್ಕೆ 700 ಮಿಲಿಮೀಟರ್ ಮಳೆಯ ನೆಲದಲ್ಲಿ ಕಾಲುವೆ ತೋಡಿಸಿದ ರಾಜ ದೇವರಾಗದೆ ಇನ್ಯಾರು ಆಗಬೇಕು? ಹಿಂದೆ ರೈತರು ಬೆಳೆ ಚೆನ್ನಾಗಿ ಬರಲಿ ಅಂತ ನಂದಿಯ ಮೂತಿಯ ಹತ್ತಿರ ಹಸಿ ಸೊಪ್ಪು, ಅಡಿಕೆ ಇಟ್ಟು ಹೋಗುತ್ತಿದ್ದರಂತೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಹಾಗಾದ್ರೆ ಪೂಜೆ ಯಾರು ಮಾಡ್ತಾರೆ, ಏನೇನು ಮಾಡ್ತಾರೆ’ ಅಂತ ಶುರು ಮಾಡಿದಳು. ಬಿಳಿ ಬಟ್ಟೆಯ ಪುರೋಹಿತರು, ಎರಡು ತಂತಿಯ ವಾದ್ಯ ನುಡಿಸುತ್ತಾ ದೇವರ ಕಥೆ ಹಾಡುವ ಕಥರ್, ದೇವರಿಗೆ ನೀರು ಹಾಕಿ ಬಟ್ಟೆ ಉಡಿಸುವುದು, ಆಡಿನ ನೈವೇದ್ಯ. ಆಡು ಅಂದಾಗ ಅಮ್ಮನ ಮುಖ ಸಣ್ಣಗಾಯಿತು. ಪ್ರಶ್ನೆ ಮಾತ್ರ ನಿಲ್ಲಲಿಲ್ಲ.

ಆ ಮಧ್ಯಾಹ್ನ ಪೊ ರೊಮೆ ಗೋಪುರದ ಕಡೆ ಹೊರಟಿದ್ದೆವು. ದಾರಿಯಲ್ಲಿ ಹೊಲದ ನಡುವೆ ಒಂದು ಗಿಡ್ಡ ಗೋಡೆ, ಒಳಗೆ ಸಾಲಾಗಿ ನೆಟ್ಟ ಕಲ್ಲುಗಳು. ನಾನು ಓದಿದ್ದ ಕುಟ್ ಇದೇ ಅಂತ ಗೊತ್ತಾಯಿತು. ಒಂದು ನಿಮಿಷ ನಿಲ್ಲಿಸೋಣವಾ ಅಂದೆ. ಗಾಡಿ ನಿಂತಿತು. ಅವಳು ಇಳಿದು ಗೋಡೆಗೆ ಬೆನ್ನು ಹಾಕಿ ನಿಂತಳು.

‘ಇಲ್ಲಿಂದಾನೇ ಹೇಳ್ತೀನಿ. ಒಳಗೆ ಬೇಡ. ಫೋಟೊನೂ ಬೇಡ.’

ಯಾರಾದರೂ ಬೈತಾರಾ ಅಂತ ಕೇಳಿದೆ.

‘ಯಾರೂ ಬೈಯಲ್ಲ. ಈಗ ಇಲ್ಲಿ ಯಾರೂ ಇಲ್ಲವಲ್ಲ. ಆದ್ರೆ ನೀವು ನಾಡಿದ್ದು ಹೋಗ್ತೀರಿ. ನಾನು ಇಲ್ಲೇ ಇರ್ಬೇಕು. ಈ ಮನೆತನದವರ ಮದುವೆಗೆ ಹೋಗಿ ಊಟಕ್ಕೆ ಕೂರ್ಬೇಕು.’

ಆಮೇಲೆ ನಿಂತಲ್ಲೇ ವಿವರವಾಗಿ ಹೇಳಿದಳು. ಬ್ರಾಹ್ಮಣ ಸಂಪ್ರದಾಯದ, ಅಂದರೆ ಹಿಂದೂ ಮೂಲದ ಆಚರಣೆ ಉಳಿಸಿಕೊಂಡಿರುವ ಚಾಮ್ ಜನರಲ್ಲಿ ಸತ್ತವರನ್ನು ಸುಡುತ್ತಾರೆ. ಹಣೆಯ ಮೂಳೆಯಿಂದ 9 ತುಂಡು ತೆಗೆದು ಪುಟ್ಟ ಡಬ್ಬಿಯಲ್ಲಿ ಇಡುತ್ತಾರೆ. ವರ್ಷಗಳು ಕಳೆದು ಆ ಮನೆತನದ ಇಂಥ ಡಬ್ಬಿಗಳು ಒಂದಷ್ಟು ಸೇರಿದ ಮೇಲೆ ದೊಡ್ಡ ಕಾರ್ಯ ಮಾಡಿ ಕುಟ್‌ಗೆ ತಂದು ಕಲ್ಲಿನಡಿ ಸೇರಿಸುತ್ತಾರೆ. ಕುಟ್ ತಾಯಿಯ ಕಡೆಯದು. ಚಾಮ್ ಜನರಲ್ಲಿ ಮನೆತನ ನಡೆಯುವುದೇ ಹೆಣ್ಣಿನ ಕಡೆಯಿಂದ. ಮದುವೆ ಮಾತು ಎತ್ತುವವರು ಹೆಣ್ಣಿನ ಕಡೆಯವರು. ಮದುವೆಯಾದ ಗಂಡು ಹೆಂಡತಿ ಮನೆಗೆ ಹೋಗುತ್ತಾನೆ. ಮನೆ ಮತ್ತು ಹಿರಿಯರ ಪೂಜೆಯ ಹೊಣೆ ಬರುವುದು ಕೊನೆಯ ಮಗಳಿಗೆ. ಆದರೆ ಗಂಡು ಸತ್ತರೆ ಅವನ ಆ 9 ತುಂಡು ವಾಪಸ್ ಅವನ ತಾಯಿಯ ಕುಟ್‌ಗೆ ಬರಬೇಕು.

ಅಮ್ಮ ಉಡುಪಿಯಲ್ಲಿ ಅಳಿಯಸಂತಾನದ ಮನೆಗಳ ನಡುವೆ ಬೆಳೆದವಳು. ಅಲ್ಲಿ ಆಸ್ತಿ ಅಕ್ಕ-ತಂಗಿಯ ಮಕ್ಕಳ ಕಡೆ ಹೋಗುವುದನ್ನು ನೋಡಿದ್ದವಳಿಗೆ ಇದು ಬೇಗ ಅರ್ಥವಾಯಿತು. ‘ಓಹೋ, ಗಂಡಸಿಗೆ ಬದುಕಿರೋವರೆಗೆ ಅತ್ತೆ ಮನೆ, ಸತ್ತ ಮೇಲೆ ತವರು’ ಅಂದಳು. ಅದನ್ನು ಗೈಡ್‌ಗೆ ಇಂಗ್ಲಿಷಿನಲ್ಲಿ ಹೇಳಲು ನನಗೆ ಸಾಕುಸಾಕಾಯಿತು. ಹೇಳಿದ ಮೇಲೆ ಆ ಹುಡುಗಿ ರಸ್ತೆ ಬದಿ ನಿಂತು ಜೋರಾಗಿ ನಕ್ಕಳು. ಇದನ್ನು ನಮ್ಮ ದೊಡ್ಡಮ್ಮನಿಗೆ ಹೇಳ್ತೀನಿ ಅಂದಳು.

ಒಳಗೆ ಹೋಗಿದ್ದರೆ ನನಗೆ ಕೆಲವು ಕಲ್ಲು ಕಾಣುತ್ತಿದ್ದವು, ಅಷ್ಟೇ. ಹೊರಗೆ ನಿಂತದ್ದರಿಂದ ಅವುಗಳ ಜೊತೆ ಅಲ್ಲಿನ ಜನಕ್ಕೆ ಎಂಥ ಸಂಬಂಧ ಅನ್ನುವುದು ತಿಳಿಯಿತು. ಹಿಂದೆ ಒಮ್ಮೆ ಬೇರೊಂದು ದೇಶದಲ್ಲಿ ಪ್ಯಾಕೇಜಿನಲ್ಲಿ ಹೋಗಿದ್ದಾಗ ಗೈಡ್ ನಮ್ಮನ್ನು ನೇರ ಯಾರದೋ ಅಡುಗೆಮನೆಗೇ ನುಗ್ಗಿಸಿದ್ದ. ಒಲೆ ಮುಂದೆ ಕೂತಿದ್ದ ಮುದುಕಿ ಮುಖ ತಿರುಗಿಸಿದರು. ಮೂವತ್ತು ಮೊಬೈಲುಗಳು ಮೇಲೆದ್ದವು. ಅಲ್ಲಿಂದ ಹೊರಟು ಸೀದಾ ಕಮಿಷನ್ ಅಂಗಡಿ. ಆ ಗೈಡ್‌ಗೆ ಆ ಮುದುಕಿ ಸಂಬಂಧವೂ ಅಲ್ಲ, ಪರಿಚಯವೂ ಅಲ್ಲ. ಮರುದಿನ ಅವರ ಮುಖ ನೋಡುವ ಸಂಕೋಚ ಅವನಿಗೇನಿದೆ? ಪ್ರವಾಸಿಗರ ಕೈಯಿಂದ ಒಂದು ಊರು ಹಾಳಾಗುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಈ ಸಂಕೋಚದ ಮೇಲೆ ನಿಂತಿದೆ ಅಂತ ನನಗನ್ನಿಸುತ್ತದೆ. ಜವಾಬ್ದಾರಿಯುತ ಪ್ರವಾಸ ಅಂತ ಬ್ರೋಷರಿನಲ್ಲಿ ಅಚ್ಚು ಹಾಕುವುದರಿಂದ ಅದು ಬರುವುದಿಲ್ಲ.

ಇದೇ ಮಾತು ಬಾನಿ ಹಳ್ಳಿಯಲ್ಲೂ ಬಂತು. ಚಾಮ್ ಜನರಲ್ಲಿ ಇನ್ನೊಂದು ಪಂಗಡ ಬಾನಿ, ಇಸ್ಲಾಮನ್ನು ತಮ್ಮದೇ ರೀತಿಯಲ್ಲಿ ಒಳಗೆ ತಂದುಕೊಂಡವರು. ಅವರ ರಮುವಾನ್ ತಿಂಗಳಲ್ಲಿ ಇಡೀ ತಿಂಗಳು ಉಪವಾಸ ಮಾಡುವುದು ಎಲ್ಲರೂ ಅಲ್ಲ, ಅವರ ಧರ್ಮಗುರುಗಳು. ಊರಿನ ಪರವಾಗಿ ಅವರು ಮಸೀದಿಯಲ್ಲೇ ಉಳಿಯುತ್ತಾರೆ. ಬ್ರಾಹ್ಮಣ ಸಂಪ್ರದಾಯದವರು ದನ ತಿನ್ನುವುದಿಲ್ಲ, ಬಾನಿಗಳು ಹಂದಿ ತಿನ್ನುವುದಿಲ್ಲ, ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ. ಮಸೀದಿ ನೋಡಬಹುದಾ ಅಂದರೆ ನಮ್ಮ ಗೈಡ್, ‘ಅದು ನನ್ನದಲ್ಲ’ ಅಂತ ಗೆಳತಿಗೆ ಫೋನ್ ಮಾಡಿದಳು. ಗೆಳತಿ ಬಂದು ಅಂಗಳದವರೆಗೆ ಕರೆದುಕೊಂಡು ಹೋದಳು. ನಮ್ಮವಳು ಹೊರಗೆ ಮರದಡಿ ಕಬ್ಬಿನ ಹಾಲು ಕುಡಿಯುತ್ತಾ ಕೂತಳು.

ಪೊ ರೊಮೆ ಗೋಪುರಕ್ಕೆ ಸೇರುವ ಹೊತ್ತಿಗೆ ಬಿಸಿಲು ಇಳಿದಿತ್ತು. 17ನೇ ಶತಮಾನದ್ದು, ಚಾಮ್ ಜನ ಕಟ್ಟಿದ ಕೊನೆಯ ಇಟ್ಟಿಗೆ ಗೋಪುರಗಳಲ್ಲಿ ಒಂದು. ಬಾಗಿಲು ಮುಚ್ಚಿತ್ತು, ಬೇರೆ ಯಾರೂ ಇರಲಿಲ್ಲ. ಅಲ್ಲಿ ಅವಳು ಹೇಳಿದ ಕಥೆ: ರಾಜ ಪೊ ರೊಮೆಗೆ ವಿಯೆಟ್ನಾಮೀ ರಾಜಕುಮಾರಿ ಹೆಂಡತಿಯಾಗಿ ಬಂದಳು. ಕಾಯಿಲೆ ನಟಿಸಿ, ರಾಜ್ಯವನ್ನು ಕಾಯುತ್ತಿದ್ದ ಕ್ರೈಕ್ ಮರ ಕಡಿಸಿದರೆ ಮಾತ್ರ ವಾಸಿಯಾಗುತ್ತೆ ಅಂದಳು. ಯಾರ ಕೊಡಲಿಗೂ ಮರ ಬಗ್ಗಲಿಲ್ಲ. ಕೊನೆಗೆ ರಾಜನೇ ಕಡಿದ. ಮರದಿಂದ ರಕ್ತ ಬಂತು, ರಾಜ್ಯ ಹೋಯಿತು. ಚರಿತ್ರೆ ಬೇರೆಯದೇ ಹೇಳುತ್ತದೆ, ಅಲ್ಲಿ ಮರಕ್ಕಿಂತ ಸೈನ್ಯದ ಮಾತು ಜಾಸ್ತಿ. ‘ಶಾಲೆಯಲ್ಲಿ ಈ ಕಥೆ ಹೇಳ್ಕೊಡ್ತಾರಾ’ ಅಂತ ಕೇಳಿದೆ. ‘ಅಜ್ಜಿ ಹೇಳ್ತಾರೆ’ ಅಂದಳು. ಮುಂದೆ ಕೇಳಲು ಹೋಗಲಿಲ್ಲ.

ಹೋಗುವ ಮನಸ್ಸಿರುವವರಿಗೆ ಒಂದೆರಡು ಮಾತು. ಇಂಥ ಗೈಡ್ ದೊಡ್ಡ ಪ್ಯಾಕೇಜಿನ ದರಕ್ಕೆ ಸಿಗುವುದಿಲ್ಲ, ತಲೆಗೆ ಲೆಕ್ಕ ಹಾಕಿದರೆ ಜಾಸ್ತಿಯೇ ಬೀಳುತ್ತದೆ. ನಾವು ಕೊಟ್ಟದ್ದರಲ್ಲಿ ದೊಡ್ಡಮ್ಮನಿಗೆ ಒಂದು ಪಾಲು, ಊಟ ಹಾಕಿದ ಮನೆಗೆ ಒಂದು ಪಾಲು ಅಂತ ಅವಳು ಮೊದಲೇ ಹೇಳಿದ್ದಳು. ಮಾತಾಡುವಾಗ ಎಲ್ಲೆಲ್ಲಿಗೆ ಕರೆದುಕೊಂಡು ಹೋಗ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಎಲ್ಲಿಗೆ ಕರೆದುಕೊಂಡು ಹೋಗಲ್ಲ ಅಂತಲೂ ಕೇಳಿ ನೋಡಿ. ಎಲ್ಲಾ ಕಡೆ ಹೋಗಬಹುದು ಅನ್ನುವವರು ಹೆಚ್ಚಾಗಿ ಹೊರಗಿನವರು. ಊಟ ಯಾರ ಮನೆಯಲ್ಲಿ, ಅವರು ನಿಮಗೆ ಏನಾಗಬೇಕು ಅಂತ ಕೇಳಿ. ಹಳ್ಳಿಯಲ್ಲಿ ರಾತ್ರಿ ಉಳಿದರೆ ಮನೆಯವರು ನಿಮ್ಮ ಪಾಸ್‌ಪೋರ್ಟ್ ವಿವರವನ್ನು ಪೊಲೀಸರಿಗೆ ಕೊಡಬೇಕಾಗುತ್ತದೆ. ಅದು ಅಲ್ಲಿನ ಮಾಮೂಲಿ ನಿಯಮ, ಗಾಬರಿ ಬೇಡ.

ಚಾಮ್ ಜನರ ದೊಡ್ಡ ಹಬ್ಬ ಕಾಟೆ. ಅವರ ಪಂಚಾಂಗದ 7ನೇ ತಿಂಗಳ ಮೊದಲ ದಿನ, ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್. ದೇವರ ಉಡುಪುಗಳನ್ನು ವರ್ಷವಿಡೀ ಕಾಯುವವರು ಬೆಟ್ಟದ ರಗ್ಲಾಯ್ ಜನ. ಹಬ್ಬದ ಮುನ್ನಾದಿನ ಅವರು ಅವನ್ನು ಹೊತ್ತು ಹೂ ಡುಕ್ ಹಳ್ಳಿಗೆ ಇಳಿಯುತ್ತಾರೆ, ಮರುದಿನ ಗುಡಿಗಳ ಬಾಗಿಲು ತೆಗೆಯುತ್ತಾರೆ. ಆಗ ಊರು ತುಂಬಿರುತ್ತದೆ, ರೂಮು ಮೊದಲೇ ಹಿಡಿದಿಟ್ಟುಕೊಳ್ಳಿ. ಬೇರೆ ದಿನ ಹೋಗುವವರು ಪೊ ಕ್ಲೊಂಗ್ ಗರಾಯ್ ಬೆಟ್ಟವನ್ನು ಬೆಳಿಗ್ಗೆ ಬೇಗ ಹತ್ತಿಬಿಡಿ. ಗುಡಿ ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕು. ಮಧ್ಯಾಹ್ನದ ಹೊತ್ತಿಗೆ ಆ ಇಟ್ಟಿಗೆ ಮೇಲೆ ಬರಿಗಾಲಲ್ಲಿ ನಿಲ್ಲೋಕೆ ಆಗಲ್ಲ.